ಓದಲು ತ್ರಾಸಾದರೆ ತಿಳಿಸು

ದೀಪಾವಳಿಗೆ ಮುಂಚೆ ಅಟ್ಟ ಜಾಡಿಸುವ ಕೆಲಸ ಈ ಸಲ ನನಗೂ ನನ್ನ ಮೊಮ್ಮಗಳಿಗೂ ಬಿತ್ತು. ಪುಣೆಯ ಫ್ಲ್ಯಾಟುಗಳಲ್ಲಿ ಅಟ್ಟವೆಂದರೆ ಬಚ್ಚಲುಮನೆಯ ಮೇಲಿನ ನಾಲ್ಕಡಿ ಗೂಡು. ಏಣಿ ಹತ್ತುವವಳು ಅವಳು, ಕೆಳಗೆ ನಿಂತು ಇಸಿದುಕೊಳ್ಳುವವನು ನಾನು. ಹಳೆಯ ಕುಕ್ಕರು, ಒಂದು ಕಾಲಿಲ್ಲದ ಮಣೆ, ಯಾವ ಟೀವಿಯದೋ ರಟ್ಟಿನ ಪೆಟ್ಟಿಗೆ ಇವೆಲ್ಲ ಇಳಿದ ಮೇಲೆ, ನಾನು 1977ರಲ್ಲಿ ಧಾರವಾಡದಿಂದ ಹೊತ್ತು ತಂದಿದ್ದ ತಗಡಿನ ಟ್ರಂಕು ಇಳಿಯಿತು. ಅದರೊಳಗೆ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟಿದ್ದ ಅಪ್ಪನ ಪತ್ರಗಳು. ಹೆಚ್ಚಿನವು ನೀಲಿ ಇನ್‌ಲ್ಯಾಂಡುಗಳು, ನಡುನಡುವೆ ಪೋಸ್ಟ್ ಕಾರ್ಡುಗಳು.

ಅವಳು ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅಜ್ಜಾ, ಇದು ಮೋಡಿ ಲಿಪಿ ಹೌದಲ್ಲ? ಶಾಲಿಯಿಂದ ಮ್ಯೂಸಿಯಂಗೆ ಕರ್ಕೊಂಡು ಹೋದಾಗ ತೋರಿಸಿದ್ರು."

"ಮೋಡಿ ಅಲ್ಲವಾ, ಕನ್ನಡ" ಎಂದೆ.

"ನಂಗ ಕನ್ನಡ ಓದ್ಲಿಕ್ಕೆ ಬರ್ತದಲ್ಲ? ಮತ್ತ ಇದ್ಯಾಕ ಬರವಲ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಹುಡುಗಿಗೆ ಹದಿಮೂರು ವರ್ಷ. ಇಂಗ್ಲಿಷ್ ಶಾಲೆ, ಬೀದಿಯಲ್ಲಿ ಮರಾಠಿ, ಮನೆಯಲ್ಲಿ ನಮ್ಮ ಧಾರವಾಡದ ಮಾತು. ಭಾನುವಾರದ ಕನ್ನಡ ತರಗತಿಗೆ ಮೂರು ವರ್ಷ ಹೋಗಿ ಕಾಗುಣಿತ, ಒತ್ತಕ್ಷರ ಎಲ್ಲ ಕಲಿತಿದ್ದಾಳೆ. ಊರಿಗೆ ಹೋದಾಗ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಮದುವೆಯ ಕರೆಯೋಲೆ ಗಟ್ಟಿಯಾಗಿ ಓದಿ ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳುತ್ತಾಳೆ. ಹೊರನಾಡಿನಲ್ಲಿ ಮಕ್ಕಳಿಗೆ ಇಷ್ಟು ಕಲಿಸಿದರೆ ಗೆದ್ದಂತೆ ಎಂದು ಬೀಗುತ್ತಿದ್ದವನು ನಾನು. ಇದೇ ಅಂಕಣದಲ್ಲೂ ಒಂದೆರಡು ಸಲ ಬೀಗಿದ್ದೇನೆ, ಓದುಗರಿಗೆ ನೆನಪಿರಬಹುದು. ಆದರೆ ಅವಳಿಗೆ ಬರುವುದು ಅಚ್ಚಿನ ಕನ್ನಡ. ಕೈಯ ಕನ್ನಡ ಬೇರೆಯೇ ಎಂಬುದು ಕಲಿಸುವ ನಮಗೇ ಹೊಳೆದಿರಲಿಲ್ಲ.

ಅಪ್ಪ ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮುತ್ತು ಪೋಣಿಸಿದ ಹಾಗೆ ಎನ್ನುತ್ತಾರಲ್ಲ, ಅಂಥ ಅಕ್ಷರ. ಊರಿನ ಅರ್ಧ ಅರ್ಜಿಗಳು ಅವರ ಕೈಯವೇ. ಆದರೆ ಅದು ಕಾಪಿಪುಸ್ತಕದ ಬಿಡಿಬಿಡಿ ದುಂಡಕ್ಷರವಲ್ಲ, ಕೈ ಎತ್ತದೆ ಕೂಡಿಸಿ ಬರೆಯುವ ಓಟದ ಅಕ್ಷರ. ತಲೆಕಟ್ಟನ್ನು ಬೇರೆಯಾಗಿ ಹಾಕುತ್ತಲೇ ಇರಲಿಲ್ಲ. ಅಕ್ಷರದ ಕೊನೆಯಿಂದ ಪೆನ್ನು ಹಾಗೆಯೇ ಮೇಲೇರಿ ತಲೆಕಟ್ಟಾಗಿ, ಅಲ್ಲಿಂದಲೇ ಮುಂದಿನ ಅಕ್ಷರಕ್ಕೆ ಇಳಿಯುತ್ತಿತ್ತು. ಸೊನ್ನೆ ಪೂರ್ತಿ ಸುತ್ತದೆ ಚುಕ್ಕೆಯಾಗಿ ಉಳಿಯುತ್ತಿತ್ತು. ದೀರ್ಘವೆಂದರೆ ಒಂದು ಸಣ್ಣ ಬಾಲ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು.

ಆ ಅಕ್ಷರಕ್ಕೆ ಅವರ ಕೈ ಎಷ್ಟು ಕಾರಣವೋ ಅವರ ಪೆನ್ನೂ ಅಷ್ಟೇ ಕಾರಣ. ಇಂಕ್ ಪೆನ್ನಿನ ಒಳಗುಟ್ಟು ಸರಳ. ಹೊಟ್ಟೆಯಲ್ಲಿ ಶಾಯಿ ಇರುತ್ತದೆ. ಅದು ಕೆಳಗಿಳಿಯಬೇಕಾದರೆ ಅಷ್ಟೇ ಗಾಳಿ ಮೇಲೆ ಹೋಗಬೇಕು. ನಿಬ್ಬಿನ ಕೆಳಗಿನ ಕಪ್ಪು ನಾಲಗೆಯಲ್ಲಿ ಸಣ್ಣ ಕಾಲುವೆಗಳಿವೆಯಲ್ಲ, ಅವು ಇರುವುದು ಈ ಕೊಡುಕೊಳ್ಳುವಿಕೆಗೆ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟು ಪಡೆದದ್ದು ಈ ನಾಲಗೆಗೇ. ನಿಬ್ಬಿನ ಸೀಳಿನಲ್ಲಿ ಇಳಿದ ಶಾಯಿ ತುದಿಯಲ್ಲಿ ಕಾದು ನಿಂತಿರುತ್ತದೆ. ಕಾಗದಕ್ಕೆ ತಾಗಿತೋ, ಕಾಗದದ ನಾರೇ ಅದನ್ನು ಎಳೆದುಕೊಳ್ಳುತ್ತದೆ. ಬರೆಯುವವನು ಒತ್ತಬೇಕಾಗಿಲ್ಲ, ಪೆನ್ನನ್ನು ಓರೆಯಾಗಿ ಹಿಡಿದು ದಾರಿ ತೋರಿಸಿದರೆ ಸಾಕು. ಆದರೆ ತುಸು ಹೊತ್ತು ಒಂದೇ ಕಡೆ ನಿಲ್ಲಿಸಿದರೆ ಶಾಯಿ ಹರಡುತ್ತದೆ. ಹಾಗಾಗಿ ಕೈ ನಿಲ್ಲದೆ ಸಾಗಬೇಕು. ಟಾಕು ಅದ್ದಿ ಬರೆಯುವ ಕಾಲದಲ್ಲಂತೂ ಎತ್ತಿ ಇಟ್ಟಾಗಲೆಲ್ಲ ಚುಕ್ಕೆ ಬೀಳುವ ಭಯ. ಇಂಗ್ಲಿಷಿನ ಕರ್ಸಿವ್ ಆಗಲಿ ನಮ್ಮಪ್ಪನ ಕೂಡಕ್ಷರವಾಗಲಿ ಬೆಳೆದದ್ದು ಇಂಥ ಲೇಖನಿಗಳ ಜೊತೆಗೇ.

ನಾವು ಇಂಕ್ ಪೆನ್ನು ಹಿಡಿದದ್ದು ಐದನೆಯ ಇಯತ್ತೆಯಲ್ಲಿ. ಧಾರವಾಡದ ಸುಭಾಷ್ ರಸ್ತೆಯ ಅಂಗಡಿಯಲ್ಲಿ ಅಪ್ಪ ಕೊಡಿಸಿದ ಹಸಿರು ಪೆನ್ನು. ಫಿಲ್ಲರಿನಿಂದ ಶಾಯಿ ತುಂಬುವುದು, ಮೈಯೆಲ್ಲ ಒರೆಸಿಕೊಂಡು ಉಳಿದದ್ದನ್ನು ತಲೆಗೂದಲಿಗೆ ಸವರುವುದು, ಚೆಲ್ಲಿದರೆ ಚಾಕ್‌ಪೀಸಿನಿಂದ ಹೀರಿಸುವುದು, ಶಾಯಿ ಇಳಿಯದಿದ್ದರೆ ಸೀಳಿನಲ್ಲಿ ಬ್ಲೇಡು ಆಡಿಸುವುದು. ಪೆನ್ನು ಕೊಡವಿದಾಗ ಮುಂದಿನ ಬೆಂಚಿನವನ ಅಂಗಿಯ ಮೇಲೆ ಬೀಳುವ ಚುಕ್ಕೆಗಳ ಸಾಲು ಅವನಿಗೆ ಮನೆಯಲ್ಲಿ ಒದೆ ಬಿದ್ದ ಮೇಲೇ ತಿಳಿಯುತ್ತಿತ್ತು. ಶಾಯಿ ಎಂದರೆ ಕ್ಯಾಮೆಲ್, ಇಲ್ಲವೆ ಬೆಂಗಳೂರಿನ ಚೆಲ್‌ಪಾರ್ಕ್. ಈ ಕ್ಯಾಮೆಲ್ ನಮ್ಮ ಮುಂಬಯಿಯದೇ. 1931ರಲ್ಲಿ ದಾಂಡೇಕರ ಸಹೋದರರು ಕುದುರೆ ಗುರುತಿನ ಶಾಯಿಪುಡಿಯಿಂದ ಶುರುಮಾಡಿದರು, ಒಂಟೆ ಬಂದದ್ದು ಆಮೇಲೆ. ಸ್ವದೇಶಿ ಪೆನ್ನಿನ ಕಥೆಯೂ ಆ ದಶಕದ್ದೇ. ರಾಜಮಹೇಂದ್ರಿಯ ಕೆ.ವಿ. ರತ್ನಂ ಕೈಯಾರೆ ಮಾಡಿದ ಪೆನ್ನು ಗಾಂಧೀಜಿಯವರಿಗೆ ತಲುಪಿ, ಅವರು ಮೆಚ್ಚಿ ಪತ್ರ ಬರೆದಿದ್ದರು. ಅಪ್ಪನ ಪೆನ್ನು ಮಾತ್ರ ಶಾಂಘೈನ ಹೀರೋ. ಮೂತಿ ಮುಚ್ಚಿದ, ಬಾಣದ ಕ್ಲಿಪ್ಪಿನ ಪೆನ್ನು. ನಿವೃತ್ತಿಯ ದಿನ ಊರವರು ಕೊಟ್ಟದ್ದು.

ಶಾಲೆಯಲ್ಲಿ ಬಾಲ್‌ಪೆನ್ನು ನಿಷಿದ್ಧವಾಗಿತ್ತು. "ಅಕ್ಷರ ಕೆಡ್ತಾವ" ಎಂಬುದೊಂದೇ ಕಾರಣ. ಹುಡುಗರಾದ ನಮಗೆ ಅದು ಮುದುಕರ ಹಟವೆನಿಸುತ್ತಿತ್ತು. ಹಟ ಪೂರ್ತಿ ಸುಳ್ಳಲ್ಲ ಎಂದು ಈಗ ಅನ್ನಿಸುತ್ತದೆ. ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೋ 1938ರಲ್ಲಿ ಪೇಟೆಂಟು ಮಾಡಿಸಿದ ಈ ಪೆನ್ನಿನಲ್ಲಿ ಇರುವುದು ಅಂಟಿನಂಥ ಶಾಯಿ. ಗುಂಡು ಉರುಳಿದರೆ ಮಾತ್ರ ಅದು ಹೊರಬರುತ್ತದೆ, ಉರುಳಬೇಕಾದರೆ ಒತ್ತಬೇಕು. ಒತ್ತುವ ಕೈ ಬೇಗ ದಣಿಯುತ್ತದೆ, ದಣಿದ ಕೈ ಅಕ್ಷರಗಳನ್ನು ಬಿಡಿಸಿ ಬರೆಯುತ್ತದೆ. ಹಾಗಂತ ನಾನು ಬಾಲ್‌ಪೆನ್ನಿನ ವೈರಿಯಲ್ಲ. ಸೋರುವುದಿಲ್ಲ, ಅಗ್ಗ, ಬಡವರ ಮಕ್ಕಳ ಅಂಗಿ ಉಳಿಸಿದೆ. ಬ್ಯಾಂಕಿನಲ್ಲಿ ಮೂರು ಕಾರ್ಬನ್ ಹಾಕಿ ಬರೆಯುವಾಗ ಅದೇ ಬೇಕಾಗುತ್ತಿತ್ತು.

ಬ್ಯಾಂಕಿನ ಮಾತು ಬಂತು. ನಾನು ಕೆಲಸಕ್ಕೆ ಸೇರಿದಾಗ ಲೆಡ್ಜರುಗಳೆಲ್ಲ ಕೈಬರಹದವು. ಹಿರಿಯ ಗುಮಾಸ್ತರ ಕರ್ಸಿವ್ ನೋಡುವುದೇ ಒಂದು ಸೊಗಸು. ಕ್ಯಾಪಿಟಲ್ ಅಕ್ಷರಕ್ಕೆ ಒಂದು ಸುರುಳಿ, ಕೊನೆಯ ಅಕ್ಷರಕ್ಕೆ ಒಂದು ಬಾಲ. ನನ್ನ ಕೆಲಸ ಬಹಳ ಕಾಲ ಸಹಿ ತಾಳೆ ನೋಡುವುದು. ಚೆಕ್ಕಿನ ಮೇಲಿನ ಸಹಿ, ಕಾರ್ಡಿನ ಮೇಲಿನ ಮಾದರಿ ಸಹಿ, ಎರಡನ್ನೂ ಪಕ್ಕದಲ್ಲಿ ಹಿಡಿದು ನೋಡಬೇಕು. ದಿನಕ್ಕೆ ನೂರಾರು. ಒಂದು ಸಲ ಪೆನ್ಷನ್ನಿನ ಮುದುಕರೊಬ್ಬರ ಸಹಿ ಹೊಂದಲಿಲ್ಲ. ಅವರನ್ನು ಕರೆದು ಕೂಡಿಸಿ, ಕೈ ನಡುಗುತ್ತದೆಂದು ತಿಳಿದು, ಹೊಸ ಮಾದರಿ ತೆಗೆದುಕೊಂಡು ಚೆಕ್ಕು ಪಾಸು ಮಾಡಿದ್ದೆ. ಮ್ಯಾನೇಜರರು ನಾಲ್ಕು ಜನರ ಮುಂದೆ ಹೊಗಳಿದರು. ಅಕ್ಷರ ನೋಡಿ ಮನುಷ್ಯನ ಸ್ಥಿತಿ ಹೇಳುತ್ತೇನೆ ಎಂಬ ಒಂದು ಜಂಬ ನನಗಿತ್ತು. ಈ ಜಂಬದ ಸಂಗತಿ ಮುಂದೆ ಬೇಕಾಗುತ್ತದೆ.

ಮೊಮ್ಮಗಳು ಮೋಡಿ ಎಂದದ್ದು ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿದೆ. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಭಾಗದಲ್ಲಿ ಕುಲಕರ್ಣಿಕೆಯ ಲೆಕ್ಕಗಳು ಮೋಡಿಯಲ್ಲಿ ಇರುತ್ತಿದ್ದವು. ಯಾದವರ ಮಂತ್ರಿ ಹೇಮಾಡಪಂತ ಅದನ್ನು ಬಳಕೆಗೆ ತಂದನೆಂದು ಪ್ರತೀತಿ. ಮೊದಲು ಕಾಗದದ ಉದ್ದಕ್ಕೂ ಒಂದು ತಲೆಗೆರೆ ಎಳೆದು, ಕೈ ಎತ್ತದೆ ಅದಕ್ಕೆ ಅಕ್ಷರಗಳನ್ನು ಜೋಲಿಬಿಡುತ್ತ ಹೋಗುವುದು. ಓಟದ ಆತುರಕ್ಕೆ ಇಕಾರ ಉಕಾರಗಳ ಹ್ರಸ್ವ ದೀರ್ಘಗಳನ್ನೂ ಬೇರೆ ಮಾಡುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ತನಕ ಬಳಕೆಯಲ್ಲಿದ್ದ ಈ ಲಿಪಿ ಅಚ್ಚಿಗೆ ಒಗ್ಗದೆ ಹಿಂದೆ ಸರಿಯಿತು. ಪುಣೆಯ ಪೇಶ್ವೆ ದಫ್ತರದಲ್ಲಿ ರುಮಾಲುಗಟ್ಟಲೆ ಕಾಗದ ಮೋಡಿಯಲ್ಲೇ ಇವೆ. ಲಿಪಿ ಕಲಿಸುವ ತರಗತಿಗಳೂ ಇಲ್ಲಿ ನಡೆಯುತ್ತವೆ. 2014ರಲ್ಲಿ ಯೂನಿಕೋಡಿಗೂ ಸೇರಿತು. ಕಂಪ್ಯೂಟರಿಗೆ ಬಂತು, ಮನೆಯವರಿಗೆ ಬಾರದಾಯಿತು.

ನನ್ನ ಅಜ್ಜನ ಮೋಡಿ ಕಾಗದಗಳ ಗಂಟೊಂದು ನಮ್ಮಲ್ಲಿತ್ತು. ಅಪ್ಪ ಓದುತ್ತಿದ್ದರು. ನಮಗೆ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಅವರು ಹೋದ ಮೇಲೆ ಹೊಲದ ಕಾಗದವೇನಾದರೂ ಇರಬಹುದೆಂದು ಪುಣೆಯಲ್ಲಿ ಮೋಡಿ ಬಲ್ಲವರೊಬ್ಬರಲ್ಲಿಗೆ ಒಯ್ದೆ. ಸಾಲ ಕೊಟ್ಟ ಜೋಳದ ಲೆಕ್ಕ, ಬಾವಿಯ ಹೂಳು ತೆಗೆಸಿದ ಕೂಲಿ, ಯಾರದೋ ಎತ್ತು ಮಾರಿದ ವಿಷಯ. ಅವರು ಪುಟಕ್ಕಿಷ್ಟು ಎಂದು ತೆಗೆದುಕೊಂಡರು, ಅದು ನ್ಯಾಯವೇ. ಅಂತೂ ಸ್ವಂತ ಅಜ್ಜನ ಅಕ್ಷರ ಓದಿಸಲು ಇನ್ನೊಬ್ಬರಿಗೆ ದುಡ್ಡು ಕೊಟ್ಟು ಬಂದೆ. ಮೊಮ್ಮಗಳ ಮಾತು ಕೇಳಿದಾಗ ಈ ಪತ್ರಗಳಿಗೂ ಅದೇ ಗತಿ ಎಂದುಕೊಂಡೆ. ನಮ್ಮ ಓದುಗರ ಮನೆಗಳಲ್ಲೂ, ಡೊಂಬಿವಲಿಯಲ್ಲೋ ಮೈಲಾಪುರದಲ್ಲೋ ಕರೋಲ್‌ಬಾಗಿನಲ್ಲೋ, ಇಂಥ ಒಂದು ಟ್ರಂಕು ಇದ್ದೇ ಇರುತ್ತದೆ.

ಮಾರನೆಯ ದಿನ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಒಂದು ಸಾದಾ ಇಂಕ್ ಪೆನ್ನು, ಒಂದು ಬಾಟಲಿ ರಾಯಲ್ ಬ್ಲೂ ತಂದೆ. ಇಂಕ್ ಪೆನ್ನು ಸತ್ತಿಲ್ಲ ಮತ್ತೆ. ರಾಜಮಹೇಂದ್ರಿಯಲ್ಲಿ, ಚೆನ್ನೈಯ ಜೆಮ್ ಆಂಡ್ ಕಂಪನಿಯಲ್ಲಿ, ಹೈದರಾಬಾದಿನ ಆಬಿಡ್ಸ್‌ನ ಡೆಕ್ಕನ್ ಪೆನ್ ಸ್ಟೋರ್ಸಿನಲ್ಲಿ ಅದನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಸಾವಿರಾರು ರೂಪಾಯಿಯ ಪೆನ್ನು ಕೊಳ್ಳುವ ಹವ್ಯಾಸಿಗಳನ್ನೂ ಕಂಡಿದ್ದೇನೆ. ಅವರಲ್ಲಿ ಕೆಲವರು ಅದರಿಂದ ಬರೆಯುವುದು ತಮ್ಮ ಸಹಿ ಒಂದನ್ನೇ, ಇದು ನನ್ನ ಚಿಕ್ಕ ತಕರಾರು.

"ಓದೋದು ಆಮ್ಯಾಲೆ, ಮೊದಲ ಬರಿ" ಎಂದೆ ಅವಳಿಗೆ. ಬಾಲ್‌ಪೆನ್ನಿನ ಹಾಗೆ ನೆಟ್ಟಗೆ ಹಿಡಿದು ಒತ್ತಿದಳು. ನಿಬ್ಬು ಕಾಗದ ಗೀರಿತು. "ಒತ್ತಬ್ಯಾಡ, ಮಲಗಿಸಿ ಹಿಡಿ." ಎರಡನೆಯ ತರಗತಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಕರ್ಸಿವ್ ತಿದ್ದಿಸಿದ್ದರಂತೆ. ಆಮೇಲೆ ಕೊರೋನಾ ಬಂತು, ಎರಡು ವರ್ಷ ಪಾಠವೆಲ್ಲ ಫೋನಿನಲ್ಲಿ. ಶಾಲೆ ತೆರೆದಾಗ ಯಾರೂ ಅದನ್ನು ಮತ್ತೆ ಕೇಳಲಿಲ್ಲ. ಇದು ನಮ್ಮಲ್ಲಿ ಮಾತ್ರವಲ್ಲ. ಫಿನ್‌ಲ್ಯಾಂಡ್ 2016ರಲ್ಲಿ ಕೂಡಕ್ಷರದ ಕಡ್ಡಾಯ ತೆಗೆಯಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ ಅದನ್ನು ಪ್ರಾಥಮಿಕ ಶಾಲೆಗೆ ವಾಪಸು ತಂದಿತು. ಹೀಗೆ ಎರಡೂ ಕಡೆ ಎಳೆದಾಟ ನಡೆದಿದೆ.

ಅಪ್ಪನ ಪತ್ರದ ಒಂದು ಪದ ತೆಗೆದುಕೊಂಡು ಅದರ ಮೇಲೆಯೇ ಗಾಳಿಯಲ್ಲಿ ಬೆರಳು ಆಡಿಸಲು ಹೇಳಿದೆ. ಪೆನ್ನು ಎಲ್ಲಿ ಇಟ್ಟರು, ಎಲ್ಲಿ ತಿರುಗಿಸಿದರು, ಎಲ್ಲಿ ಎತ್ತಿದರು. ಆಮೇಲೆ ಅದನ್ನೇ ಬರೆಯಲು ಹೇಳಿದೆ. ಮೂರು ದಿನ ಬರೀ ಗೊಂದಲ. ನಾಲ್ಕನೆಯ ದಿನ "ಅಜ್ಜಾ, 'ವ'ದ ಬಾಲ ಮುಂದಿನ ಅಕ್ಷರದ ತಲಿ ಆಗೇದ!" ಎಂದು ಕೂಗಿದಳು. ಆಕಾರ ಹೊಂದಿಸುವುದನ್ನು ಬಿಟ್ಟು ಕೈಯ ದಾರಿ ಹಿಡಿದಿದ್ದಳು. ಅಲ್ಲಿಂದ ಕೆಲಸ ಸಲೀಸಾಯಿತು. "ಉ.ಕು.ಸಾಂ. ಅಂದ್ರ ಏನು?" ಉಭಯ ಕುಶಲೋಪರಿ ಸಾಂಪ್ರತ. "ಹಂಗಂದ್ರ?" ಇಲ್ಲಿ ನಾವೂ ಅಲ್ಲಿ ನೀವೂ ಚೆನ್ನಾಗಿದ್ದೇವೆ, ಈಗ ವಿಷಯಕ್ಕೆ ಬರೋಣ. "ಅಷ್ಟಕ್ಕ ಇಷ್ಟ್ಯಾಕ ಬರೀಬೇಕು?" ಎಂದಳು. ಅದಕ್ಕೇ ತಾನೆ ಅವರು ಉ.ಕು.ಸಾಂ. ಎಂದು ಮೊಟಕು ಮಾಡಿದ್ದು.

ಅವಳು ಓದುವ ರೀತಿಗೂ ನಾನು ಓದುತ್ತಿದ್ದ ರೀತಿಗೂ ವ್ಯತ್ಯಾಸವಿತ್ತು. ನಾನು ಪತ್ರ ಬಂದ ದಿನ ಬಸ್ಸಿನಲ್ಲಿ ನಿಂತು ಕಣ್ಣಾಡಿಸಿ ಜೇಬಿಗೆ ಹಾಕುತ್ತಿದ್ದವನು. ದುಡ್ಡು ಕೇಳಿದ್ದಾರೆಯೇ, ಯಾರದಾದರೂ ಮದುವೆಯೇ, ಇಷ್ಟು ತಿಳಿದರೆ ಮುಗಿಯಿತು. ಅವಳು ಅಕ್ಷರ ಅಕ್ಷರವಾಗಿ ಬಿಡಿಸುತ್ತಿದ್ದಳು. ಯಾವುದನ್ನೂ ದಾಟಿಸುವಂತಿರಲಿಲ್ಲ.

1983ರ ಒಂದು ಇನ್‌ಲ್ಯಾಂಡು. ಅದರಲ್ಲಿ ಅಪ್ಪನ ಅಕ್ಷರ ಅಪ್ಪನದಲ್ಲ. ಸಾಲುಗಳು ಕೆಳಗಿಳಿದಿವೆ, ಪದಗಳು ಒಂದರ ಮೇಲೊಂದು ಬಿದ್ದಿವೆ. ಆ ಪತ್ರ ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅದಕ್ಕೆ ನಾನು ಬರೆದ ಉತ್ತರ ನೆನಪಿತ್ತು. ಊರ ಮಕ್ಕಳಿಗೆಲ್ಲ ಕಾಪಿ ತಿದ್ದಿಸಿದ ಮಾಸ್ತರರೇ ಹೀಗೆ ಕಾಗೆ ಕಾಲು ಗುಬ್ಬಿ ಕಾಲು ಬರೆದರೆ ಹೇಗೆ, ಅರ್ಧ ಪತ್ರ ಓದಲಿಕ್ಕೇ ಆಗಲಿಲ್ಲ ಎಂದು ತಮಾಷೆ ಮಾಡಿದ್ದೆ. ಅಲ್ಲಿಂದ ಮುಂದಿನ ಪತ್ರಗಳೆಲ್ಲ ನನ್ನ ತಮ್ಮನ ಕೈಯವು, ಕೆಳಗೆ ಅಪ್ಪನ ಸಹಿ ಮಾತ್ರ. ಅಪ್ಪನಿಗೆ ಆಲಸ್ಯ ಬಂತು ಎಂದುಕೊಂಡಿದ್ದೆ.

ಮೊಮ್ಮಗಳು ಅದನ್ನು ಓದಿ ಮುಗಿಸಿ ಕಾಗದವನ್ನು ಅಡ್ಡ ತಿರುಗಿಸಿದಳು. ಜಾಗ ಸಾಲದಿದ್ದಾಗ ಅಂಚಿನಲ್ಲಿ ಉದ್ದಕ್ಕೆ ಬರೆಯುವುದು ಆಗ ಎಲ್ಲರ ಪದ್ಧತಿ. ಮಡಿಕೆಯ ಹತ್ತಿರ, ನಾನು ಬೆರಳು ತೂರಿಸಿ ಹರಿದ ಜಾಗದ ಪಕ್ಕ, ಒಂದೂವರೆ ಸಾಲು. ಅವಳು ಬಿಡಿಸಿ ಬಿಡಿಸಿ ಓದಿದಳು: "ಎ-ಡ-ಗಣ್ಣು ಪೂರಾ ಮಂಜಾಗಿದೆ. ಕೈಯೂ ನಡುಗುತ್ತದೆ. ಓದಲು ತ್ರಾಸಾದರೆ ತಿಳಿಸು, ತಮ್ಮನ ಕೈಯಿಂದ ಬರೆಸುತ್ತೇನೆ."

ತಿಳಿಸಿದ್ದೆನಲ್ಲ.

ಅವಳಿಗೆ ಹೇಳಲಿಲ್ಲ. "ಅಜ್ಜಾ, ಮುಂದಿನದು ಕೊಡು" ಎಂದಳು, ಕೊಟ್ಟೆ. ಆ ವಾರ ನಾನು ಬ್ಯಾಂಕಿನಲ್ಲಿ ಎಷ್ಟು ಸಹಿ ತಾಳೆ ನೋಡಿದ್ದೆನೋ, ಪೆನ್ಷನ್ನಿನ ಆ ಮುದುಕರು ಬಂದದ್ದು ಅದಕ್ಕೆ ಮುಂಚೆಯೋ ಆಮೇಲೆಯೋ ಎಂದು ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದು ಎರಡು ವರ್ಷ ಕಳೆದ ಮೇಲೆ, ಅದೂ ತಮ್ಮನ ಓಡಾಟದಿಂದ. ನಾನು ದುಡ್ಡು ಕಳಿಸಿದ್ದೆ.

ಈ ಅಂಕಣವನ್ನು ನಾನು ಫೋನಿನಲ್ಲಿ ಬೆರಳಿನಿಂದ ಕುಟ್ಟುತ್ತೇನೆ. ಕೈಬರಹದ ಪ್ರತಿ ಕಳಿಸಿದರೆ ನಮ್ಮ ಸಂಪಾದಕರು ಏನನ್ನುತ್ತಾರೋ ಗೊತ್ತಿಲ್ಲ. ಅಕ್ಷರ ಚೆಂದ ಬರುತ್ತದೆ, ಎಲ್ಲರದೂ ಒಂದೇ ಥರ. ನನ್ನ ಕಣ್ಣು ಮಂಜಾದರೂ ಓದುಗರಿಗೆ ಗೊತ್ತಾಗುವುದಿಲ್ಲ.

ನಾಲ್ಕಾರು ದಿನ ಬಿಟ್ಟು ಮೊಮ್ಮಗಳು ತಾನೂ ಒಂದು ಪತ್ರ ಬರೆಯುತ್ತೇನೆಂದಳು. ಅಂಚೆ ಕಚೇರಿಯಿಂದ ಇನ್‌ಲ್ಯಾಂಡು ತಂದುಕೊಟ್ಟೆ. ಧಾರವಾಡದ ಸಣ್ಣಜ್ಜನಿಗೆ, ಎಂದರೆ ನನ್ನ ತಮ್ಮನಿಗೆ, ಉ.ಕು.ಸಾಂ. ಹಾಕಿ ಬರೆದಳು. ಬೆರಳಿಗೆ, ಗಲ್ಲಕ್ಕೆ, ಸೋಫಾಕ್ಕೆ ಶಾಯಿ. ಅವರಮ್ಮ ಬೈದಳು, ನನ್ನನ್ನೂ ಸೇರಿಸಿ.

ವಾರದ ಮೇಲೆ ತಮ್ಮನ ಫೋನು ಬಂತು. ಅದೂ ಇದೂ ಮಾತಾಡಿ, 1983ರ ಪತ್ರದ ಸಂಗತಿ ತೆಗೆದೆ. ಆಗ ಅಪ್ಪ ಏನಾದರೂ ಅಂದರೇನೋ ಎಂದು ಕೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದ.

"ಏನೂ ಅಂದಿದ್ದಿಲ್ಲಣ್ಣಾ. 'ಅವಗ ಓದ್ಲಿಕ್ಕೆ ತ್ರಾಸ ಆಗ್ತದಂತ, ಇನ್ನ ನೀನ ಬರಿ' ಅಂದ್ರು. ಅಷ್ಟ." ಮತ್ತೆ ಹೇಳಿದ: "ಆ ಹೀರೋ ಪೆನ್ನು ನನ್ನ ಕಡೆನ ಅದ. ನಿಬ್ ಸವದದ, ಆದ್ರ ನಡೀತದ. ಸಂಕ್ರಾಂತಿಗೆ ಬಂದಾಗ ಹುಡುಗಿಗೆ ಕೊಡ್ತೀನಿ. ಪತ್ರ ಛಲೋ ಬರದಾಳ. 'ಣ' ಒಂದು ತಿದ್ದಸು."